ಹಳೆಯ ಮಾರುಕಟ್ಟೆಗೆ ಹಬ್ಬದ ಬೆಳಕು

ಮೈಸೂರಿನ ದಸರೆ ಎಂದೊಡನೆ ಅರಮನೆಯ ದೀಪಮಾಲೆ ಕಣ್ಣಮುಂದೆ ನಿಲ್ಲುವುದು ಸಹಜ. ಆದರೆ ಈ ಲೇಖನದ ವಿಷಯ ಅರಮನೆಯಲ್ಲ. ಅದಕ್ಕೆ ಅನತಿದೂರದಲ್ಲಿ, ಚಿಕ್ಕಗಡಿಯಾರದ ಬಳಿಯಿಂದ ಸಯ್ಯಾಜಿರಾವ್ ರಸ್ತೆಯ ಉದ್ದಕ್ಕೆ ಉತ್ತರಾಭಿಮುಖವಾಗಿ ಚಾಚಿಕೊಂಡಿರುವ ದೇವರಾಜ ಮಾರುಕಟ್ಟೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಇಟ್ಟಿಗೆ, ಸುಣ್ಣದ ಗಾರೆ, ಮರದ ತೊಲೆಗಳಿಂದ ರೂಪುಗೊಂಡ ಈ ಕಟ್ಟಡ ಹೂವು, ಹಣ್ಣು, ಕುಂಕುಮ, ಬಾಳೆಯೆಲೆಗಳ ವ್ಯಾಪಾರದಿಂದ ಹೆಸರಾದುದು. ವಿಜಯದಶಮಿಯ ಮೆರವಣಿಗೆ ಬನ್ನಿಮಂಟಪಕ್ಕೆ ಸಾಗುವುದು ಇದರ ಮುಂದಿನ ರಸ್ತೆಯಲ್ಲಿಯೇ. 2016ರ ಆಗಸ್ಟ್ 28ರಂದು, ದುರಸ್ತಿಯ ಕೆಲಸ ನಡೆಯುತ್ತಿದ್ದ ಕಾಲದಲ್ಲಿಯೇ, ಇದರ ಉತ್ತರ ದ್ವಾರದ ಭಾಗ ಕುಸಿದು ಬಿದ್ದಿತು. ಅದಕ್ಕೆ ನಾಲ್ಕು ವರ್ಷ ಮೊದಲು, 2012ರ ಆಗಸ್ಟಿನಲ್ಲಿ, ಸಮೀಪದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಉರುಳಿ ನಾಲ್ವರು ಪ್ರಾಣ ಕಳೆದುಕೊಂಡಿದ್ದರು. ಈ ಎರಡು ಕಟ್ಟಡಗಳನ್ನು ಕೆಡವಿ ಹೊಸದಾಗಿ ಕಟ್ಟಬೇಕೆ, ಇಲ್ಲವೆ ದುರಸ್ತಿಮಾಡಿ ಉಳಿಸಬೇಕೆ ಎಂಬ ವಾದ ಅನೇಕ ವರ್ಷ ನಡೆದು ನ್ಯಾಯಾಲಯದ ಮೆಟ್ಟಿಲನ್ನೂ ಏರಿತು.

ಆ ವಾದದ ತೀರ್ಪು ಇಲ್ಲಿ ನಮ್ಮ ಕೆಲಸವಲ್ಲ. ನಾವು ವಿಚಾರಿಸಬೇಕಾಗಿರುವುದು ಹೆಚ್ಚು ಸಣ್ಣದಾದ, ಆದರೆ ಪ್ರತಿ ವರ್ಷವೂ ತಪ್ಪದೆ ಬರುವ ಒಂದು ಪ್ರಶ್ನೆ: ಇಂಥ ವೃದ್ಧ ಕಟ್ಟಡವನ್ನು ಹಬ್ಬಕ್ಕೆ ಸಿಂಗರಿಸುವುದು ಹೇಗೆ? "ಹಳೆಯ ಕಾಲದ ದಸರೆಯಂತೆ ಕಾಣಬೇಕು" ಎಂಬ ಆಸೆ ಎಲ್ಲರದು. ಆ ಆಸೆ ಮೆಚ್ಚತಕ್ಕದ್ದೇ. ಆದರೆ ಹಳೆಯ ಕಾಲವೆಂದರೆ ಕಾಗದದ ಕಮಾನು, ಬಣ್ಣ ಬಳಿದ ಹಲಗೆಯ ಗೋಪುರ, ಅವುಗಳ ಮೇಲೆ ಸಾವಿರಾರು ದೀಪ ಎಂದು ತಿಳಿಯುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಹಿಂದಿನವರ ಅಲಂಕಾರಕ್ಕೆ ಎರಡು ಗುಣಗಳಿದ್ದುವು. ಅದರ ಬೆಳಕು ಕಡಮೆಯಾಗಿ, ಕೆಂಪಿಗೆ ವಾಲಿದ್ದಾಗಿ ಇತ್ತು. ಅದರ ಭಾರ ಕಟ್ಟಡದ ಮೇಲೆ ಬೀಳುತ್ತಿರಲಿಲ್ಲ. ಇವೆರಡನ್ನೂ ಬಿಟ್ಟು ಉಳಿದದ್ದನ್ನೆಲ್ಲ ಅನುಕರಿಸಿದರೆ ದೊರೆಯುವುದು ನಾಟಕದ ಪರದೆಯೇ ಹೊರತು ಹಳೆಯ ದಸರೆಯಲ್ಲ.

ಮೊದಲು ಬೆಳಕಿನ ಮಾತು. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿದದ್ದು 1902ರಲ್ಲಿ. ಬೆಂಗಳೂರಿನ ಬೀದಿಗಳು 1905ರಲ್ಲಿ ವಿದ್ಯುದ್ದೀಪವನ್ನು ಕಂಡುವು. ಮೈಸೂರು ನಗರಕ್ಕೆ ಆ ಭಾಗ್ಯ ಬಂದದ್ದು 1908ರಲ್ಲಿ. ಅಂದರೆ ಮಾರುಕಟ್ಟೆ ತನ್ನ ಮೊದಲ ದಸರೆಗಳನ್ನು ಎಣ್ಣೆಯ ದೀಪಗಳ ಬೆಳಕಿನಲ್ಲಿಯೇ ಕಳೆದಿರಬೇಕು. ಈ ದೀಪಗಳು ಇಂದಿನ ಲೆಕ್ಕದಲ್ಲಿ ಏನೇನೂ ಅಲ್ಲ. ಆದರೂ ಅಂದಿನವರ ಕಣ್ಣಿಗೆ ಅವು ವೈಭವವಾಗಿಯೇ ಕಂಡಿರಬೇಕು. ಇದಕ್ಕೆ ಕಾರಣ ಕಣ್ಣಿನ ಸ್ವಭಾವದಲ್ಲಿಯೇ ಇದೆ. ಬೆಳಕಿನ ಹೆಚ್ಚಳವನ್ನು ಕಣ್ಣು ಅಳೆಯುವುದು ಮೊತ್ತದಿಂದಲ್ಲ, ಪ್ರಮಾಣದಿಂದ. ಜರ್ಮನಿಯ ಶರೀರವಿಜ್ಞಾನಿ ವೆಬರ್ ಕಳೆದ ಶತಮಾನಕ್ಕೂ ಹಿಂದೆ ಸ್ಪರ್ಶ, ತೂಕಗಳ ವಿಷಯದಲ್ಲಿ ಗುರುತಿಸಿದ ನಿಯಮ ಬೆಳಕಿಗೂ ಬಹುಮಟ್ಟಿಗೆ ಹೊಂದುತ್ತದೆ. ಒಂದು ಹಣತೆಯಿರುವ ಕೋಣೆಗೆ ಇನ್ನೊಂದನ್ನು ತಂದಿಟ್ಟರೆ ವ್ಯತ್ಯಾಸ ಒಡನೆಯೇ ತಿಳಿಯುತ್ತದೆ. ನೂರು ಹಣತೆಯಿರುವಲ್ಲಿ ಇನ್ನೊಂದನ್ನಿಟ್ಟರೆ ಯಾರಿಗೂ ತಿಳಿಯದು. ಆದುದರಿಂದ ಅಲಂಕಾರಕ್ಕೆ ದೀಪಗಳಷ್ಟೇ ಅವುಗಳ ಸುತ್ತಲಿನ ಕತ್ತಲೆಯೂ ಬೇಕು. ಕತ್ತಲೆಗೆ ಕಣ್ಣು ಪೂರ್ಣವಾಗಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಹಿಡಿಯುತ್ತದೆ. ಇತ್ತೀಚಿನ ವರ್ಷಗಳಲ್ಲಿ ಹಬ್ಬದ ದಿನಗಳಲ್ಲಿ ನಗರದ ಮುಖ್ಯ ಬೀದಿಗಳಿಗೆಲ್ಲ ಬಣ್ಣದ ಎಲ್‌ಇಡಿ ತೋರಣಗಳನ್ನು ಕಟ್ಟುವ ರೂಢಿ ಬೆಳೆದಿದೆ. ಆ ಬೆಳಕಿನ ನಡುವೆ ನಡೆದು ಬಂದವನ ಕಣ್ಣಿಗೆ ಹಳೆಯ ಗೋಡೆಯ ಕಮಾನು, ಅಂಚುಗಳ ನೆರಳು ಕಾಣಿಸುವುದು ಹೇಗೆ? ದೀಪ ಹೆಚ್ಚಾದಷ್ಟೂ ಕಟ್ಟಡ ಕಡಮೆಯಾಗುತ್ತದೆ.

ಬೆಳಕಿನ ಬಣ್ಣ ಇದಕ್ಕಿಂತ ಮುಖ್ಯವಾದುದು. ಕಾದ ವಸ್ತು ಸೂಸುವ ಬೆಳಕಿನ ಬಣ್ಣ ಅದರ ಉಷ್ಣತೆಯನ್ನು ಅವಲಂಬಿಸಿದೆ ಎಂಬುದನ್ನು ಕಾಲೇಜಿನ ವಿದ್ಯಾರ್ಥಿಗಳು ಬಲ್ಲರು. ಹಣತೆಯ ಅಥವಾ ಮೇಣದ ಬತ್ತಿಯ ಜ್ವಾಲೆಯ ಬೆಳಕು ಸುಮಾರು 1900 ಕೆಲ್ವಿನ್ ಉಷ್ಣತೆಗೆ ಸಲ್ಲುತ್ತದೆ. ಎಡಿಸನ್ನನ ಕಾಲದ ಇಂಗಾಲದ ಎಳೆಯ ಬುರುಡೆ ಅದಕ್ಕಿಂತ ತುಸು ಮೇಲು. ಟಂಗ್‌ಸ್ಟನ್ ಎಳೆಯ ಬುರುಡೆ ಸುಮಾರು 2700. ಇವೆಲ್ಲವೂ ಕೆಂಪು, ಕಿತ್ತಳೆಗಳಲ್ಲಿ ಸಂಪನ್ನವಾಗಿ ನೀಲಿಯಲ್ಲಿ ಬಡವಾದ ಬೆಳಕುಗಳು. ಬಿಳಿಯ ಎಲ್‌ಇಡಿಯಲ್ಲಿ ಕಾದ ಎಳೆಯೇ ಇಲ್ಲ. ಒಂದು ಸಣ್ಣ ಅರೆವಾಹಕದ ತುಣುಕು ನೀಲಿ ಬೆಳಕನ್ನು ಸೂಸುತ್ತದೆ. ಅದರ ಮೇಲಿನ ಲೇಪನ ಆ ನೀಲಿಯ ಸ್ವಲ್ಪ ಭಾಗವನ್ನು ಹೀರಿ ಹಳದಿಯಾಗಿ ಹೊರಗೆಡಹುತ್ತದೆ. ಎರಡೂ ಕೂಡಿ ಕಣ್ಣಿಗೆ ಬಿಳಿ. ಈ ನೀಲಿ ದೀಪವನ್ನು ಸಾಧಿಸಿದ ಅಕಸಾಕಿ, ಅಮಾನೊ, ನಕಮುರ ಎಂಬ ಮೂವರಿಗೆ 2014ರ ನೊಬೆಲ್ ಬಹುಮಾನ ಸಂದಿತು. ಅವರ ಸಾಧನೆ ಸಾಮಾನ್ಯವಲ್ಲ. ಆದರೆ ಅಗ್ಗದ ದೀಪಗಳಲ್ಲಿ ಈ ಬೆರಕೆ ಸಮತೂಕವಾಗಿರುವುದಿಲ್ಲ: ನೀಲಿ ಹೆಚ್ಚು, ಗಾಢವಾದ ಕೆಂಪು ಬಹಳ ಕಡಮೆ.

ಇದರ ಫಲವನ್ನು ಕಾಣಲು ಪ್ರಯೋಗಶಾಲೆಗೆ ಹೋಗಬೇಕಾಗಿಲ್ಲ. ದೇವರಾಜ ಮಾರುಕಟ್ಟೆಯಲ್ಲಿ ಬಣ್ಣಬಣ್ಣದ ಪುಡಿಗಳನ್ನು ಶಂಕುವಿನಾಕಾರದಲ್ಲಿ ಒಟ್ಟಿ ಇಟ್ಟಿರುವುದನ್ನು ನೋಡದೆ ಹಿಂದಿರುಗುವ ಪ್ರವಾಸಿಗನಿಲ್ಲ. ಕುಂಕುಮ ಕೆಂಪಾಗಿ ಕಾಣುವುದು ಅದು ಉದ್ದ ಅಲೆಯ ಬೆಳಕನ್ನು ಮಾತ್ರ ಹಿಂದಿರುಗಿಸುವುದರಿಂದ. ಬೀಳುವ ಬೆಳಕಿನಲ್ಲಿಯೇ ಆ ಕೆಂಪು ಇಲ್ಲದಿದ್ದರೆ ಪಾಪ, ಕುಂಕುಮ ಎಲ್ಲಿಂದ ತರಬೇಕು? ಅಗ್ಗದ ತಂಪು ಬಿಳುಪಿನ ದೀಪದ ಕೆಳಗೆ ಅದು ಮಂಕಾಗಿ, ಇಟ್ಟಿಗೆಯ ಪುಡಿಯ ಸೋದರನಂತೆ ತೋರುತ್ತದೆ. ಹೂವಿನ ಬಿಳುಪಿಗೆ ನೀಲಿಯ ಛಾಯೆ ಏರುತ್ತದೆ. ಸುಣ್ಣದ ಗಾರೆಯ ಗೋಡೆ ಹೆಣದಂತೆ ಬಿಳಿಚಿಕೊಳ್ಳುತ್ತದೆ. ಮೂರು ಬಗೆಯ ದೀಪಗಳ ಕೆಳಗೆ ಒಂದೇ ಬಟ್ಟಲಿನ ಕುಂಕುಮವನ್ನಿಟ್ಟು ಯಾವ ವಿದ್ಯಾರ್ಥಿಯಾದರೂ ಇದನ್ನು ಪರೀಕ್ಷಿಸಬಹುದು. ಮತ್ತೊಂದು ಪರೀಕ್ಷೆಯೂ ಉಂಟು. ದೀಪದ ಎದುರಿಗೆ ಪೆನ್ಸಿಲನ್ನು ಬೇಗಬೇಗನೆ ಅಲ್ಲಾಡಿಸಿ ನೋಡಿ. ಒಂದು ಪೆನ್ಸಿಲಿಗೆ ಬದಲು ಬೀಸಣಿಗೆಯ ಕಡ್ಡಿಗಳಂತೆ ಹಲವು ಕಂಡರೆ ಆ ದೀಪ ಸೆಕೆಂಡಿಗೆ ನೂರು ಬಾರಿ ಆರಿ ಹೊತ್ತುತ್ತಿದೆ ಎಂದರ್ಥ. ಟಂಗ್‌ಸ್ಟನ್ ಎಳೆಗೆ ಅಷ್ಟು ಬೇಗ ತಣ್ಣಗಾಗಲು ಬಿಡುವಿಲ್ಲ. ಆದುದರಿಂದಲೇ ಅದರ ಬೆಳಕು ಸ್ಥಿರ. ಹಳೆಯ ದಸರೆಯ ಬೆಳಕಿನಲ್ಲಿ ಏನೋ ಶಾಂತಿ ಇತ್ತು ಎಂದು ಹಿರಿಯರು ಹೇಳುವುದನ್ನು ಬರಿಯ ಹಳಹಳಿಕೆಯೆಂದು ತಳ್ಳಿಹಾಕುವಂತಿಲ್ಲ.

ಹಾಗಾದರೆ ಹಳೆಯ ಬುರುಡೆಗಳನ್ನೇ ತಂದು ಕಟ್ಟೋಣವೆ? ಕೆಲವು ರಸಿಕರ ಸಲಹೆ ಇದೇ. ಅರಮನೆಯ ಉದಾಹರಣೆಯನ್ನೂ ಅವರು ಕೊಡುತ್ತಾರೆ. ಅಲ್ಲಿಯ ದೀಪಗಳ ಸಂಖ್ಯೆ ಸುಮಾರು ಒಂದು ಲಕ್ಷವೆಂದು ಹೇಳುವುದುಂಟು; ಒಂದೊಂದು ಬುರುಡೆಗೆ 15 ವಾಟ್ ಎಂದು ಹಿಡಿದರೆ ಒಂದು ಗಂಟೆಗೆ 1500 ಯೂನಿಟ್ ವಿದ್ಯುತ್ತು. ಅರಮನೆಯ ಮಾತು ಬೇರೆ. ಅದು ಕಲ್ಲಿನ ಕಟ್ಟಡ, ಕಾವಲುಂಟು, ಬೆಳಗುವ ಅವಧಿ ಮಿತವಾದುದು. ಮಾರುಕಟ್ಟೆಯಲ್ಲಿ ಮರದ ತೊಲೆಗಳುಂಟು. ಗೋಣಿ, ಒಣ ಹುಲ್ಲು, ರಟ್ಟಿನ ಪೆಟ್ಟಿಗೆ, ಕರ್ಪೂರ, ಊದುಕಡ್ಡಿಗಳುಂಟು. ಎಳೆಯ ಬುರುಡೆ ತಾನು ಪಡೆದ ಶಕ್ತಿಯಲ್ಲಿ ನೂರಕ್ಕೆ ಐದರಷ್ಟನ್ನು ಮಾತ್ರ ಬೆಳಕಾಗಿ ಕೊಡುತ್ತದೆ, ಉಳಿದುದೆಲ್ಲ ಶಾಖ. ಅದು ದೀಪವೆನ್ನುವುದಕ್ಕಿಂತ ಬೆಳಗುವ ಒಲೆಯೆನ್ನುವುದೇ ಸರಿ. ಅದಕ್ಕೆ ತಗುಲಿದ ಸೇವಂತಿಗೆಯ ಹಾರ ಒಂದೇ ಸಂಜೆಯಲ್ಲಿ ಬಾಡುತ್ತದೆ. ತಗುಲಿದ ಕಾಗದದ ಗತಿಯನ್ನು ಹೇಳಬೇಕಾಗಿಲ್ಲ.

ತಂತಿಯ ಲೆಕ್ಕ ಇನ್ನೂ ಬೋಧಪ್ರದವಾಗಿದೆ. ಮಾರುಕಟ್ಟೆಯ ಮುಖಕ್ಕೆ ಒಂದು ಸಾವಿರ ದೀಪ ಕಟ್ಟಿದರೆಂದು ಭಾವಿಸಿ. 15 ವಾಟಿನ ಬುರುಡೆಗಳಾದರೆ 15,000 ವಾಟ್. 230 ವೋಲ್ಟಿನಲ್ಲಿ ಸುಮಾರು 65 ಆಂಪಿಯರ್ ಪ್ರವಾಹ ಬೇಕು. ಸರಿಸುಮಾರು ಅಷ್ಟೇ ಬೆಳಕು ಕೊಡುವ ಎಲ್‌ಇಡಿಗೆ ಒಂದೂವರೆ ವಾಟ್ ಸಾಕು, ಪ್ರವಾಹ 6.5 ಆಂಪಿಯರಿಗೆ ಇಳಿಯುತ್ತದೆ. ತಂತಿಯಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ಅನುಗುಣವಾದುದರಿಂದ, ಪ್ರವಾಹ ಹತ್ತರಲ್ಲಿ ಒಂದು ಪಾಲಾದರೆ ಅದೇ ತಂತಿಯ ಶಾಖ ನೂರರಲ್ಲಿ ಒಂದು ಪಾಲಾಗುತ್ತದೆ. ಹಳೆಯ ಕಟ್ಟಡದ ಒಳಗೋಡೆಗಳಲ್ಲಿ ಯಾವ ಕಾಲದ ತಂತಿ ಅಡಗಿದೆಯೋ ಬಲ್ಲವರಾರು? ಫ್ಯೂಸು ಹೋಯಿತೆಂದು ದಪ್ಪ ತಂತಿ ಸುತ್ತುವ ಮಹಾನುಭಾವರು ಇನ್ನೂ ನಮ್ಮ ನಡುವೆ ಇದ್ದಾರೆ. ಮೈಸೂರಿನ ಹಿಂದಿನ ಮರದ ಅರಮನೆ ಬೆಂಕಿಗೆ ಆಹುತಿಯಾದದ್ದು 1897ರಲ್ಲಿ, ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂಭ್ರಮದ ಸಮಯದಲ್ಲಿ ಎಂಬುದನ್ನು ಈ ಊರು ಮರೆಯಬಾರದು. ಹೆನ್ರಿ ಇರ್ವಿನ್ನನ ನಕ್ಷೆಯಂತೆ ಎದ್ದ ಇಂದಿನ ಅರಮನೆ ಮುಗಿದದ್ದು 1912ರಲ್ಲಿ. ರಾಜರಿಗೆ ಹದಿನೈದು ವರ್ಷಗಳಲ್ಲಿ ಮತ್ತೊಂದು ಅರಮನೆ ದೊರೆಯಿತು; ಬಾಳೆಹಣ್ಣಿನ ವ್ಯಾಪಾರಿಗೆ ಮತ್ತೊಂದು ಮಾರುಕಟ್ಟೆ ಅಷ್ಟು ಸುಲಭವಾಗಿ ದೊರೆಯಲಾರದು.

ಆದುದರಿಂದ ಎಲ್‌ಇಡಿಯೇ ಇರಲಿ. ಆದರೆ ಆರಿಸಿ ತಂದದ್ದಿರಲಿ. 2200ರಿಂದ 2700 ಕೆಲ್ವಿನ್ ಬಣ್ಣದ, ಕೆಂಪನ್ನು ಚೆನ್ನಾಗಿ ತೋರುವ, ಮಿಣುಕದ ದೀಪಗಳು ಈಗ ಮಾರಾಟಕ್ಕಿವೆ. ಬೆಲೆ ತುಸು ಹೆಚ್ಚು. ಸಾವಿರದ ಬದಲು ಇನ್ನೂರು ಕೊಂಡರೆ ಲೆಕ್ಕ ಸರಿಹೋಗುತ್ತದೆ, ನೋಟವೂ ಉತ್ತಮವಾಗುತ್ತದೆ. ನಾವು 'ಸೀರಿಯಲ್ ಸೆಟ್' ಎನ್ನುವ ಮಿಣಿಮಿಣಿ ಮಾಲೆಗಳಿಗೆ ಆ ಹೆಸರು ಬಂದದ್ದು ಸರಣಿ ಜೋಡಣೆಯಿಂದ. ಒಂದು ಬುರುಡೆ ಸುಟ್ಟರೆ ಸಾಲೇ ಕತ್ತಲಾಗುತ್ತಿದ್ದುದನ್ನು ನೋಡಿ ಓಮನ ನಿಯಮವನ್ನು ಕಲಿತವರೆಷ್ಟೋ ಮಂದಿ. ದೀಪಗಳ ಇಂಥ ಹಬ್ಬದ ಬಳಕೆಯೂ ಹೊಸದಲ್ಲ: ಎಡಿಸನ್ನನ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್ ಎಂಬವನು 1882ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ತನ್ನ ಮನೆಯ ಕ್ರಿಸ್‌ಮಸ್ ಮರಕ್ಕೆ ಕೆಂಪು, ಬಿಳಿ, ನೀಲಿಯ 80 ಬುರುಡೆಗಳನ್ನು ಕಟ್ಟಿದ್ದನು. ಎಂಬತ್ತೇ ಎಂಬತ್ತು. ಜನ ನಿಂತು ನೋಡಲು ಅಷ್ಟು ಸಾಕಾಯಿತು.

ಇನ್ನು ಭಾರದ ವಿಷಯ. ನಮ್ಮ ಪೂರ್ವಿಕರ ಅಲಂಕಾರದಲ್ಲಿ ನಾನು ಅತ್ಯಂತ ಮೆಚ್ಚುವುದು ಬಾಳೆಕಂದನ್ನು. ಮೂರು ಮೀಟರ್ ಉದ್ದ, ಹದಿನೈದು ಸೆಂಟಿಮೀಟರ್ ದಪ್ಪದ ಕಂದಿನ ಗಾತ್ರವನ್ನು ಲೆಕ್ಕಹಾಕಿದರೆ ಸುಮಾರು 53 ಲೀಟರ್. ಅದರಲ್ಲಿ ಬಹುಪಾಲು ನೀರೇ ಆದುದರಿಂದ ತೂಕ ಐವತ್ತು ಕಿಲೋಗ್ರಾಮಿನ ಆಸುಪಾಸು. ಆದರೆ ಅದು ತನ್ನ ಕಾಲಮೇಲೆ ತಾನು ನಿಂತಿದೆ! ಬಾಗಿಲಿಗೆ ಒಂದು ಹಗ್ಗದ ಸಹಾಯವನ್ನು ಮಾತ್ರ ಕೇಳುತ್ತದೆ. ಭಾರವನ್ನೆಲ್ಲ ನೆಲಕ್ಕೆ ಒಪ್ಪಿಸುತ್ತದೆ. ನೀರಿನಿಂದ ತುಂಬಿದುದಾದ್ದರಿಂದ ಬೆಂಕಿಗೂ ಸುಲಭವಾಗಿ ಬಗ್ಗದು. ಮಾವಿನ ತೋರಣ ಹೂವಿನಷ್ಟು ಹಗುರ; ಎಲೆಯ ಮೇಲಿನ ಮೇಣದಂಥ ಪದರ ನೀರನ್ನು ಹೊರಬಿಡದಿರುವುದರಿಂದ ಹಲವು ದಿನ ಹಸುರಾಗಿರುತ್ತದೆ. ಹಬ್ಬ ಮುಗಿದ ಮೇಲೆ ಕಂದು ಹಸುವಿನ ಪಾಲು, ತೋರಣ ತಿಪ್ಪೆಯ ಪಾಲು. ಗೋಡೆಗೆ ಒಂದು ಗಾಯವೂ ಇಲ್ಲ.

ಇದಕ್ಕೆ ಪ್ರತಿಯಾಗಿ ಈಗ ಏನು ನಡೆಯುತ್ತದೆ? ಹಳೆಯ ಗಾರೆಗೆ ಕಬ್ಬಿಣದ ಮೊಳೆ ಹೊಡೆಯುತ್ತಾರೆ. ದಸರೆ ಬರುವುದು ಮಳೆ ಪೂರ್ತಿ ಬಿಡದ ಕಾಲದಲ್ಲಿ. ಮೊಳೆ ತುಕ್ಕು ಹಿಡಿಯುತ್ತದೆ. ತುಕ್ಕಿನ ಗಾತ್ರ ಕಬ್ಬಿಣದ ಗಾತ್ರದ ಎರಡರಷ್ಟೋ ಅದಕ್ಕೂ ಹೆಚ್ಚೋ ಆಗುವುದರಿಂದ ಗಾರೆ ಒಳಗಿನಿಂದ ಬಿರಿಯುತ್ತದೆ. ಬಿರುಕಿನಲ್ಲಿ ನೀರು ಸೇರುತ್ತದೆ. ಆ ಬಿರುಕಿಗೆ ಸಿಮೆಂಟು ಮೆತ್ತಿ ಸರಿಮಾಡಿದೆವೆಂದು ಹೇಳುವುದು ಇನ್ನೊಂದು ಅವಿವೇಕ. ಸುಣ್ಣದ ಗಾರೆ ತೇವವನ್ನು ಹೀರಿ ಮತ್ತೆ ಗಾಳಿಗೆ ಬಿಡಬಲ್ಲದು. ಸಿಮೆಂಟಿನ ಬಿಗಿಯಾದ ಪದರ ಅದನ್ನು ಗೋಡೆಯೊಳಗೇ ಕೂಡಿಹಾಕುತ್ತದೆ.

ಫ್ಲೆಕ್ಸಿನ ಪರದೆಗಳ ಅಪಾಯ ಇನ್ನೂ ಸ್ಪಷ್ಟ. ಆರು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಒಂದು ಪರದೆಯನ್ನು ತಾರಸಿಯ ಕೈಪಿಡಿಗೋಡೆಗೆ ಬಿಗಿದಿದ್ದಾರೆ ಎನ್ನಿ. ಮಳೆಗೆ ಮುಂಚಿನ ಗಾಳಿ ಸೆಕೆಂಡಿಗೆ 15 ಮೀಟರ್ ವೇಗದಿಂದ ಬೀಸಿದರೆ ಚದರ ಮೀಟರಿಗೆ ಸುಮಾರು 135 ನ್ಯೂಟನ್ ಒತ್ತಡ. ಹದಿನೆಂಟು ಚದರ ಮೀಟರಿಗೆ 2400 ನ್ಯೂಟನ್ನಿಗೂ ಹೆಚ್ಚು, ಎಂದರೆ ನಾಲ್ಕು ಮಂದಿ ದೊಡ್ಡವರ ತೂಕದಷ್ಟು ಬಲ, ಮಳೆಯಲ್ಲಿ ನೆನೆದ ಶತಮಾನದ ಹಿಂದಿನ ಗೋಡೆಯನ್ನು ಅಡ್ಡಡ್ಡಲಾಗಿ ಎಳೆಯುತ್ತದೆ. ಇಟ್ಟಿಗೆಯ ಗೋಡೆ ಮೇಲಿನಿಂದ ಬರುವ ಭಾರವನ್ನು ಹೊರಲು ಸಮರ್ಥ. ಅಡ್ಡ ಎಳೆತಕ್ಕೆ ಅದು ಬಹಳ ದುರ್ಬಲ. ಕಮಾನು, ಫಲಕ ಏನೇ ಬೇಕಾದರೂ ನೆಲದಲ್ಲಿ ನಿಲ್ಲಿಸಿದ ಬಿದಿರಿನ ಸ್ವತಂತ್ರ ಚೌಕಟ್ಟಿನ ಮೇಲೆ ಇರಬೇಕು. ಬಾಳೆಕಂದಿನ ನೀತಿ ಅದೇ.

ತಾರಸಿಯ ಅಂಚಿನಲ್ಲಿ ಹೂಕುಂಡಗಳ ಸಾಲು ಇಡುವುದು ಚೆಲುವಾದ ಯೋಚನೆಯೆಂದು ತೋರಬಹುದು. ಮೂವತ್ತು ಸೆಂಟಿಮೀಟರ್ ಅಗಲ, ಅಷ್ಟೇ ಎತ್ತರದ ಕುಂಡದಲ್ಲಿ ಹಿಡಿಸುವ ನೆನೆದ ಮಣ್ಣು ಸುಮಾರು 38 ಕಿಲೋಗ್ರಾಮ್. ಐವತ್ತು ಕುಂಡವೆಂದರೆ ಸುಮಾರು ಎರಡು ಟನ್. ಮೇಲೆ ದಿನವೂ ಎರೆಯುವ ನೀರು ತಾರಸಿಗೇ ಇಳಿಯುತ್ತದೆ. ಹಕ್ಕಿಗಳು ತಂದು ಬಿತ್ತುವ ಅರಳಿಯ ಸಸಿಗಳೇ ಹಳೆಯ ಗೋಡೆಗಳಿಗೆ ಸಾಕಷ್ಟು ಶತ್ರುಗಳಾಗಿವೆ. ನಾವು ಬೇರೆ ಮೇಲೆ ತೋಟ ಮಾಡಬೇಕಾಗಿಲ್ಲ. ಕುಂಡಗಳ ಸ್ಥಾನ ನೆಲ.

ಯಾವ ಗಿಡ, ಯಾವ ಹೂ ಎಂಬುದರಲ್ಲಿಯೂ ಸ್ವಲ್ಪ ಪ್ರಾಮಾಣಿಕತೆ ಬೇಕು. ಮೈಸೂರು ಎಂದ ಮಾತ್ರಕ್ಕೆ ಮಲ್ಲಿಗೆ ಎನ್ನುವುದು ವಾಡಿಕೆ; ಆದರೆ ಮಲ್ಲಿಗೆಯ ಸುಗ್ಗಿ ಬೇಸಗೆಯಲ್ಲಿ. ದಸರೆಯ ಹೂವು ಸೇವಂತಿಗೆ. ಅದು ಈ ಕಾಲದಲ್ಲಿಯೇ ಅರಳುವುದಕ್ಕೆ ಕಾರಣ ರಾತ್ರಿಯ ಉದ್ದ. ಅಮೆರಿಕದ ಗಾರ್ನರ್, ಅಲರ್ಡ್ ಎಂಬ ಇಬ್ಬರು ವಿಜ್ಞಾನಿಗಳು 1920ರಲ್ಲಿ ಪ್ರಕಟಿಸಿದಂತೆ, ಕೆಲವು ಸಸ್ಯಗಳು ಹೂ ಬಿಡುವ ಕಾಲವನ್ನು ಹಗಲಿರುಳುಗಳ ಅವಧಿಯಿಂದ ತಿಳಿದುಕೊಳ್ಳುತ್ತವೆ. ಸೇವಂತಿಗೆಗೆ ಎಡೆಬಿಡದ ದೀರ್ಘರಾತ್ರಿ ಬೇಕು. ನಡುರಾತ್ರಿಯಲ್ಲಿ ಸ್ವಲ್ಪ ಹೊತ್ತು ಬೆಳಕು ಬಿದ್ದರೂ ಅದು ಮೊಗ್ಗು ಮೂಡಿಸುವುದನ್ನು ಮುಂದೂಡುತ್ತದೆ. ನಮ್ಮ ರೈತರು ಇದನ್ನು ಚೆನ್ನಾಗಿ ಬಲ್ಲರು. ಗಿಡ ಎತ್ತರವಾಗಿ ಬೆಳೆಯುವವರೆಗೆ ಹೂ ತಡೆಯಲೆಂದು ಹೊಲದ ತುಂಬ ದೀಪಗಳನ್ನು ತೂಗಹಾಕಿ ರಾತ್ರಿ ಉರಿಸುವುದನ್ನು ಕರ್ನಾಟಕದ ಸೇವಂತಿಗೆ ಬೆಳೆಯುವ ಕಡೆಗಳಲ್ಲಿ ಕಾಣಬಹುದು. ಕ್ರಿಸ್‌ಮಸ್ಸಿಗೆ ಕೆಂಪೇರುವ ಮೆಕ್ಸಿಕೋ ಮೂಲದ ಪಾಯಿನ್‌ಸೆಟಿಯ ಗಿಡದ್ದೂ ಇದೇ ಸ್ವಭಾವ. ಇನ್ನೂ ಮೊಗ್ಗು ಮೂಡದ ಕುಂಡಗಳನ್ನು ತಂದು ರಾತ್ರಿಯೆಲ್ಲ ಉರಿಯುವ ದೀಪಗಳ ಕೆಳಗಿಟ್ಟು ಹೂವಿಗಾಗಿ ಕಾಯುವ ಅಲಂಕಾರಿಕನಿಗೆ ಬರಿಯ ಎಲೆಯೇ ಗತಿ. ರಾತ್ರಿ ಹತ್ತಕ್ಕೋ ಹನ್ನೊಂದಕ್ಕೋ ದೀಪ ಆರಿಸಿದರೆ ಗಿಡಕ್ಕೂ ಒಳಿತು, ಕಾವಲುಗಾರನಿಗೂ ಒಳಿತು. ಪ್ಲಾಸ್ಟಿಕ್ ಹೂವಿನ ಹಾರವನ್ನು ಹೂವಿನ ಮಾರುಕಟ್ಟೆಯ ಬಾಗಿಲಿಗೇ ಕಟ್ಟುವುದರ ವಿಷಯದಲ್ಲಿ ನಾನು ಏನನ್ನೂ ಬರೆಯಲಾರೆ.

ವ್ಯಾಪಾರಿಗಳು ಒಂದು ಆಕ್ಷೇಪವನ್ನು ಎತ್ತಬಹುದು: ಬೆಳಕು ಕಡಮೆಯಾದರೆ ಗಿರಾಕಿ ಮುಂದಿನ ಬೀದಿಗೆ ಹೋಗುತ್ತಾನೆ. ಇದು ನ್ಯಾಯವಾದ ಚಿಂತೆ. ಸರಕಿನ ಮೇಲೆ ಬೀಳುವ ಬೆಳಕು ಬೇಕಾದಷ್ಟಿರಲಿ. ಮಂದವಾಗಿರಬೇಕಾದುದು ಕಟ್ಟಡದ ಮುಖ. ಮುಖ ಮಂದವಾಗಿದ್ದಾಗಲೇ ಅಂಗಡಿಯ ಒಳಗಿನ ಹಣ್ಣು, ಹೂವು ಹೊಳೆಯುತ್ತವೆ. ಮತ್ತೊಂದು ಆಕ್ಷೇಪ ಹೆಚ್ಚು ಗಂಭೀರವಾದುದು. ದುರಸ್ತಿಗೆ ಕಾದಿರುವ ಕಟ್ಟಡಕ್ಕೆ ದೀಪ ಕಟ್ಟುವುದು ರೋಗಿಗೆ ಒಡವೆ ತೊಡಿಸಿದಂತೆ ಎಂದು ಹೇಳುವವರಿದ್ದಾರೆ. ನಾನು ಇದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಜನರು ಪ್ರೀತಿಯಿಂದ ನಿಂತು ನೋಡುವ ಕಟ್ಟಡವನ್ನು ಕೆಡವಲು ಹೊರಡುವವರು ಎರಡು ಬಾರಿ ಯೋಚಿಸುತ್ತಾರೆ. ಆ ಮಟ್ಟಿಗೆ ಅಲಂಕಾರವೂ ರಕ್ಷಣೆಯೇ. ಆದರೆ ಬಿರುಕಿನ ಮೇಲೆ ಜರಿಯ ಬಟ್ಟೆ, ಬಿದ್ದ ಭಾಗದ ಮುಂದೆ ಚಿತ್ರದ ಪರದೆ ಕಟ್ಟಿ ಎಲ್ಲವೂ ಸರಿಯಾಗಿದೆಯೆಂದು ತೋರಿಸುವುದು ರೋಗವನ್ನು ವೈದ್ಯನಿಂದ ಮುಚ್ಚಿಟ್ಟಂತೆ.

ಬಿರುಕನ್ನು ಮುಚ್ಚುವ ಬದಲು ಅಳೆಯಬಹುದು. ಅದರ ಉಪಾಯ ಹಳೆಯದು, ಖರ್ಚಿಲ್ಲದ್ದು. ತೆಳುವಾದ ಗಾಜಿನ ಪಟ್ಟಿಯೊಂದನ್ನು ಬಿರುಕಿಗೆ ಅಡ್ಡಲಾಗಿ ಇಟ್ಟು ಎರಡು ತುದಿಗಳನ್ನೂ ಜಿಪ್ಸಮ್ ಗಾರೆಯಿಂದ ಅಂಟಿಸಿ, ಪಕ್ಕದಲ್ಲಿ ದಿನಾಂಕ ಬರೆಯುತ್ತಾರೆ. ಗಾಜು ಹಿಗ್ಗದು, ಬಾಗದು. ಗೋಡೆ ಕೂದಲೆಳೆಯಷ್ಟು ಸರಿದರೂ ಸೀಳುತ್ತದೆ. ಸೀಳಿದ ಪಟ್ಟಿಯ ಅಂಚುಗಳ ನಡುವಣ ಅಂತರವನ್ನು ವರ್ನಿಯರ್ ಮಾಪಕದಿಂದ ಅಳೆದರೆ ಸರಿದ ಪ್ರಮಾಣವೂ ತಿಳಿಯುತ್ತದೆ. ವರ್ಷದ ಉಳಿದ ದಿನಗಳಲ್ಲಿ ಆ ಗೋಡೆಗಳ ಎತ್ತರಕ್ಕೆ ಯಾರೂ ಏರುವುದಿಲ್ಲ. ದಸರೆಗೆ ಎರಡು ವಾರ ಮುಂಚೆ ದೀಪ ಕಟ್ಟುವವರು ಏಣಿ ತರುತ್ತಾರೆ. ಮೈಸೂರಿನಲ್ಲಿ ಕಾಲೇಜುಗಳಿಗೆ ಕೊರತೆಯಿಲ್ಲ, ವರ್ನಿಯರ್ ಮಾಪಕಗಳಿಗಂತೂ ಇಲ್ಲವೇ ಇಲ್ಲ. ನಗರಪಾಲಿಕೆಯ ಅನುಮತಿ ಪಡೆದು, ಎಂಜಿನಿಯರೊಬ್ಬರ ಸಮ್ಮುಖದಲ್ಲಿ, ಬಿ.ಎಸ್‌ಸಿ. ತರಗತಿಯ ನಾಲ್ವರು ವಿದ್ಯಾರ್ಥಿಗಳು ಆ ಏಣಿಯ ಬುಡದಲ್ಲಿ ಒಂದು ಪುಸ್ತಕ ಹಿಡಿದು ನಿಂತು, ಮೇಲೆ ಹತ್ತಿದವನು ಹೇಳುವ ಅಂಕಿಗಳನ್ನು ಬರೆದುಕೊಂಡರೆ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಮರುವರ್ಷ ಅದೇ ಪುಸ್ತಕವನ್ನು ಮುಂದಿನ ತರಗತಿಯವರು ತೆಗೆದುಕೊಂಡು ಹೋಗಬಹುದು.